ಅಕಾನ್ ಜನರ ಮರದ ಗೊಂಬೆಗಳು ಮತ್ತು ಡೋಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಆಫ್ರಿಕಾದ ಮರದ ಗೊಂಬೆ ಕಂಡ ಕೂಡಲೇ ನಮ್ಮಲ್ಲಿ ಹುಟ್ಟುವ ಪ್ರಶ್ನೆ ಎರಡೇ. ಇದು ದೇವರಾ? ಇಲ್ಲ ಮಾಟಕ್ಕೆ ಬಳಸೋದಾ? ಇದರ ಪಕ್ಕದಲ್ಲಿ ಏನು ಬಾರಿಸುತ್ತಿದ್ದರು, ಯಾರು ಹಾಡುತ್ತಿದ್ದರು ಅಂತ ಕೇಳುವವರು ಅಪರೂಪ. ನನಗೆ ಮುಖ್ಯ ಅನ್ನಿಸುವುದು ಆ ಪ್ರಶ್ನೆಯೇ. ಗಾನಾ ಮತ್ತು ಐವರಿ ಕೋಸ್ಟ್‌ನ ಅಕಾನ್ ಜನರಲ್ಲಿ ಎಷ್ಟೋ ಗೊಂಬೆಗಳು ಮೇಳದ ಜೊತೆಗೇ ಊರ ಬಯಲಿಗೆ ಬರುತ್ತಿದ್ದವು. ಮ್ಯೂಸಿಯಮ್ಮಿಗೆ ಬರುವಾಗ ಗೊಂಬೆ ಬಂತು, ಸದ್ದು ಅಲ್ಲೇ ಉಳಿಯಿತು. ಇಲ್ಲಿನ ಪ್ರಶ್ನೆಗಳು ಆ ಉಳಿದುಹೋದ ಸದ್ದಿನ ಬಗ್ಗೆ.

ಅಕಾನ್ ಅಂದರೆ ಯಾರು?

ಒಂದೇ ಊರಿನ ಜನ ಅಲ್ಲ. ಹತ್ತಿರದ ಭಾಷೆಗಳನ್ನಾಡುವ ಹಲವು ಜನಗಳ ಒಟ್ಟು ಹೆಸರು. ಗಾನಾದಲ್ಲಿ ಅಸಾಂಟೆ, ಫಾಂಟೆ, ಬೊನೊ, ಅಚೆಮ್, ಕ್ವಾಹು ಮುಂತಾದವರು. ಗಡಿಯಾಚೆ ಐವರಿ ಕೋಸ್ಟ್‌ನಲ್ಲಿ ಬಾವುಲೆ, ಆನ್ಯಿ ಜನ. ಅಸಾಂಟೆಯವರ ರಾಜಧಾನಿ ಕುಮಾಸಿ. ಫಾಂಟೆಯವರು ಸಮುದ್ರ ತೀರದವರು. ಅಸಾಂಟೆ, ಫಾಂಟೆ ಮೊದಲಾದವರು ಆಡುವ ಮಾತುಗಳಲ್ಲಿ ಹೆಚ್ಚು ಹೆಸರಾದದ್ದು ಟ್ವಿ.

ಒಂದು ಸಂಗತಿಯನ್ನು ಈಗಲೇ ತಿಳಿದುಕೊಂಡರೆ ಮುಂದಿನದು ಸುಲಭ. ಅಕಾನ್ ಜನರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಗಾದಿ ಮಗನಿಗಲ್ಲ, ತಾಯಿಯ ಕಡೆಯ ತಮ್ಮನಿಗೋ ಅಕ್ಕನ ಮಗನಿಗೋ ಹೋಗುತ್ತದೆ. ನಮ್ಮ ಕರಾವಳಿಯ ಅಳಿಯಕಟ್ಟು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಸನ ಪಕ್ಕದಲ್ಲಿ ‘ಒಹೆಮಾ’ ಇರುತ್ತಾಳೆ. ರಾಜಮಾತೆ ಅನ್ನುತ್ತೇವೆ, ಆದರೆ ಅವಳು ಅವನನ್ನು ಹೆತ್ತವಳೇ ಆಗಿರಬೇಕಿಲ್ಲ. ಅಕ್ಕನೋ ಚಿಕ್ಕಮ್ಮನೋ ಆಗಿರಬಹುದು. ಅರಸ ಯಾರಾಗಬೇಕು ಅಂತ ಹೆಸರು ಸೂಚಿಸುವವಳು ಅವಳೇ. ಮೇಳದ ಗೊಂಬೆಗಳಲ್ಲಿ ಮತ್ತೆ ಮತ್ತೆ ಕಾಣುವುದೂ ಅವಳೇ.

ಗೊಂಬೆಗೂ ಸಂಗೀತಕ್ಕೂ ಏನು ಸಂಬಂಧ? ಅಲಂಕಾರಕ್ಕೆ ಇಟ್ಟಿದ್ದಾ?

ಅಲಂಕಾರ ಅಂದರೆ ತಪ್ಪಿಲ್ಲ, ಆದರೆ ಅದು ಅರ್ಧ ಉತ್ತರ. 20ನೇ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಗಾನಾದ ಊರುಗಳಲ್ಲಿ ಜನರೇ ಕಟ್ಟಿಕೊಂಡ ಹಾಡು-ಕುಣಿತದ ಮೇಳಗಳು ತುಂಬಾ ಇದ್ದವು. ಅರಮನೆಯ ವಾದ್ಯಗಳನ್ನು ಯಾರು ಬೇಕಾದರೂ ಬಾರಿಸುವಂತಿರಲಿಲ್ಲ. ಈ ಮೇಳಗಳಿಗೆ ಆ ಕಟ್ಟು ಇರಲಿಲ್ಲ. ಸಾವಿರಲಿ, ಹಬ್ಬವಿರಲಿ, ಸುಮ್ನೆ ಒಂದು ಸಂಜೆ ಕಳೆಯುವುದಿರಲಿ, ಇವರು ಬಂದು ಬಾರಿಸುತ್ತಿದ್ದರು. ಅನುಕೂಲ ಇದ್ದ ಮೇಳಗಳು ಕೆತ್ತನೆಗಾರನಿಗೆ ಹೇಳಿ ಗೊಂಬೆ ಮಾಡಿಸಿ, ಆಟದ ಹೊತ್ತಿಗೆ ಡೋಲುಗಳ ಮುಂದೆ ಕೂರಿಸುತ್ತಿದ್ದವು. ಪೀಠದ ಮೇಲೆ ಕೂತ ಅರಸ, ಮಗುವಿಗೆ ಮೊಲೆ ಕೊಡುತ್ತಿರುವ ರಾಜಮಾತೆ, ಕೆಲವು ಕಡೆ ಅವರ ಪರಿವಾರ.

ಹೀಗೆ ಮಾಡಿದಾಗ ಏನಾಗುತ್ತದೆ ಯೋಚಿಸಿ. ಅಕಾನ್ ಊರಿನಲ್ಲಿ ದೊಡ್ಡ ಕೂಟ ಅಂದರೆ ಅಲ್ಲಿ ಹಿರಿಯರು ಪೀಠದ ಮೇಲೆ ಕೂತಿರಬೇಕು, ಅವರ ಎದುರು ಡೋಲು ಬಾರಿಸಬೇಕು. ಹುಡುಗರ ಮೇಳಕ್ಕೆ ಅರಸನನ್ನು ಕರೆತಂದು ಕೂರಿಸುವುದು ಆಗದ ಮಾತು. ಮರದ ಅರಸ, ಮರದ ರಾಜಮಾತೆ ಕೂತರೆ ಆ ಬಯಲಿಗೇ ಒಂದು ದರ್ಬಾರಿನ ಕಳೆ ಬರುತ್ತದೆ. ಜನ ಗೊಂಬೆ ನೋಡಲು ಹತ್ತಿರ ಬರುತ್ತಾರೆ, ಬಂದವರು ಹಾಡು ಕೇಳುತ್ತಾರೆ. ಮೇಳಕ್ಕೆ ಹೆಸರು ಬರುತ್ತದೆ. ಪಕ್ಕದೂರಿನ ಮೇಳಕ್ಕೆ ಹೊಟ್ಟೆಕಿಚ್ಚೂ ಆಗಬಹುದು. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಗೊಂಬೆಯೂ ಮೇಳದ ಒಬ್ಬ ಸದಸ್ಯ. ಬಾರಿಸುವುದಿಲ್ಲ, ಹಾಡುವುದಿಲ್ಲ, ಆದರೆ ಅದು ಕೂತಾಗಲೇ ಕೂಟ ತುಂಬುವುದು.

ನ್ಟಾನ್ ಅನ್ನುವ ಹೆಸರು ಕೇಳಿದ್ದೇನೆ. ಏನದು?

ಇಂಥ ಮೇಳಗಳಲ್ಲಿ ಕೆತ್ತನೆಗೆ ಬಹಳ ಹೆಸರಾದದ್ದು ನ್ಟಾನ್. ಮೇಳಕ್ಕೂ ಅದೇ ಹೆಸರು, ಅದರ ದೊಡ್ಡ ಡೋಲಿಗೂ ಅದೇ ಹೆಸರು. ಸಾಮಾನ್ಯ ಡೋಲಿನ ಮೈ ನುಣುಪಾಗಿರುತ್ತದೆ ಅಲ್ವಾ? ನ್ಟಾನ್ ಡೋಲಿನ ಮೈತುಂಬಾ ಉಬ್ಬು ಕೆತ್ತನೆ. ಆನೆ, ಮೊಸಳೆ, ಹಕ್ಕಿ, ಚಂದ್ರ, ನಕ್ಷತ್ರ, ಕೈ, ಹೃದಯ. ಮುಂಭಾಗದಲ್ಲಿ ಎರಡು ಮೊಲೆಗಳು ಎದ್ದು ಕಾಣುತ್ತವೆ. ಎಷ್ಟೋ ಸಲ ಡೋಲಿನ ಬುಡವೇ ಒಂದು ಪ್ರಾಣಿಯ ಆಕಾರ. ಮೇಳದ ಉಳಿದ ಡೋಲುಗಳು ಇದಕ್ಕಿಂತ ಚಿಕ್ಕವು.

ಡೋಲಿಗೆ ಮೊಲೆ ಯಾಕೆ?

ಅದು ತಾಯಿ, ಅದಕ್ಕೆ. ದೊಡ್ಡ ಡೋಲು ಮೇಳದ ತಾಯಿ, ಸುತ್ತಲಿನ ಚಿಕ್ಕ ಡೋಲುಗಳು ಅವಳ ಮಕ್ಕಳು. ಕುಲವೇ ತಾಯಿಯಿಂದ ಬರುವ ಕಡೆ ಮೇಳವೂ ತಾಯಿಯಿಂದಲೇ ಶುರುವಾಗಬೇಕಲ್ಲವೇ? ಬಾರಿಸುವಾಗಲೂ ಇದು ಕೇಳಿಸುತ್ತದೆ. ಚಿಕ್ಕ ಡೋಲುಗಳು ತಮ್ಮ ತಮ್ಮ ಒಂದೇ ಪೆಟ್ಟನ್ನು ಬಿಡದೆ ಹಿಡಿದಿರುತ್ತವೆ. ದೊಡ್ಡದು ಮಾತ್ರ ಬೇಕಾದಾಗ ನುಡಿ ಬದಲಿಸುತ್ತದೆ, ಕುಣಿಯುವವರನ್ನು ಕರೆಯುತ್ತದೆ, ತಿದ್ದುತ್ತದೆ, ಸಾಕು ಅನ್ನುತ್ತದೆ. ಮನೆಯಲ್ಲಿ ತಾಯಿ ಮಾಡುವ ಕೆಲಸ ಅದೇ.

ಕೆಲವರು ಇದನ್ನು ಅಶ್ಲೀಲ ಅಂದುಕೊಳ್ಳುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಅದು ಹಾಲು ತುಂಬಿದ ಎದೆ. ಮುಂದೆ ಕೂತ ಗೊಂಬೆ ಕೊಡುತ್ತಿರುವುದೂ ಹಾಲನ್ನೇ. ಎರಡನ್ನೂ ಒಟ್ಟಿಗೆ ನೋಡಿದರೆ ತಪ್ಪು ತಿಳಿಯಲು ದಾರಿಯೇ ಇಲ್ಲ.

ಡೋಲಿನ ಮೇಲಿನ ಆನೆ, ಹಾವು, ಮೊಸಳೆಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಗಾದೆ ಗೊತ್ತಿರಬೇಕು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ನಾವು ಅನ್ನುತ್ತೇವಲ್ಲ, ಅಕಾನ್ ಜನರಿಗೆ ಗಾದೆಯ ಮೇಲೆ ಅದಕ್ಕಿಂತ ಒಂದು ಕೈ ಜಾಸ್ತಿಯೇ ನಂಬಿಕೆ. ಅವರು ಗಾದೆಯನ್ನು ಆಡುವುದಷ್ಟೇ ಅಲ್ಲ, ಕೆತ್ತುತ್ತಾರೆ, ಎರಕ ಹೊಯ್ಯುತ್ತಾರೆ, ಬಟ್ಟೆಯ ಮೇಲೆ ಅಚ್ಚು ಒತ್ತುತ್ತಾರೆ, ಡೋಲಿನಲ್ಲಿ ನುಡಿಸುತ್ತಾರೆ.

ಆನೆ ಕಂಡರೆ: ಆನೆಯ ಹಿಂದೆ ನಡೆದವನಿಗೆ ಇಬ್ಬನಿ ತಾಕುವುದಿಲ್ಲ. ಆನೆ ಮುಂದೆ ಹೋಗುತ್ತಾ ಹುಲ್ಲಿನ ನೀರನ್ನೆಲ್ಲ ಒರೆಸಿಕೊಂಡು ಹೋಗಿರುತ್ತದೆ. ದೊಡ್ಡವರ ಆಸರೆಯ ಮಾತು ಇದು.

ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ ಸಂಕೋಫ. ಮರೆತು ಬಂದಿದ್ದರೆ ಹಿಂದಿರುಗಿ ತೆಗೆದುಕೊಳ್ಳುವುದು ತಪ್ಪಲ್ಲ ಅನ್ನುತ್ತದೆ. ಇದು ಈಗ ಜಗತ್ತಿನೆಲ್ಲೆಡೆ ಟೀ ಶರ್ಟಿನ ಮೇಲೂ ಬಂದಿದೆ.

ಮೊಟ್ಟೆ ಹಿಡಿದ ಕೈ ಅಧಿಕಾರದ ಮಾತು. ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬಿದ್ದುಹೋಗುತ್ತದೆ.

ಎರಡು ಮೊಸಳೆ, ಒಂದೇ ಹೊಟ್ಟೆ: ಊಟ ಹೋಗುವುದು ಒಂದೇ ಹೊಟ್ಟೆಗೆ, ಆದರೂ ಎರಡು ಬಾಯಿ ಜಗಳವಾಡುತ್ತವೆ. ಒಟ್ಟು ಕುಟುಂಬದಲ್ಲಿ ಬೆಳೆದವರು ಇದನ್ನು ನೋಡಿ ನಗದೆ ಇರಲಾರರು.

ನನಗೆ ತುಂಬಾ ಇಷ್ಟವಾದದ್ದು ಹಾವು ಮತ್ತು ಮಂಗಟ್ಟೆ ಹಕ್ಕಿ. ಹಾವು ನೆಲದ ಮೇಲೆ ಬಿದ್ದಿರುತ್ತದೆ, ಮಂಗಟ್ಟೆ ಮೇಲೆ ಹಾರುತ್ತಿರುತ್ತದೆ. ಆದರೂ ಒಂದು ದಿನ ಹಕ್ಕಿ ಹಾವಿನ ಬಾಯಿಗೆ ಸಿಗುತ್ತದೆ. ಕಾಯುವವನಿಗೆ ದೇವರು ಕೊಡುತ್ತಾನೆ ಅಂತ ತಾತ್ಪರ್ಯ. ಚಿನ್ನ ತೂಗುವ ಹಿತ್ತಾಳೆಯ ಪುಟ್ಟ ಬಟ್ಟುಗಳ ಮೇಲೂ ಇದೇ ಜೋಡಿ ಇದೆ.

ಇಷ್ಟನ್ನು ಡೋಲಿನ ಸುತ್ತ ಕೆತ್ತಿ ಬಯಲಿನಲ್ಲಿ ನಿಲ್ಲಿಸಿದಾಗ ಓದು ಬರಹ ಬಾರದವರೂ ಅದನ್ನು ಓದುತ್ತಾರೆ. ‘ಇದೇನು ಗೊತ್ತಾ?’ ಅಂತ ಮಕ್ಕಳನ್ನು ಕೇಳುತ್ತಾರೆ. ಅರಸನ ಮಾತನ್ನು ಜನಕ್ಕೆ ತಲುಪಿಸುವ ವಾಗ್ಮಿಯ ಕೋಲಿನ ತುದಿಯಲ್ಲಿ, ಅರಸನ ಛತ್ರಿಯ ನೆತ್ತಿಯಲ್ಲಿ ಇಂಥ ಕೆತ್ತನೆಗಳು ಮೊದಲೇ ಇದ್ದವು. ಜನರ ಮೇಳಕ್ಕೂ ಆ ನುಡಿ ಬಂತು. ಕಾಲ ಬದಲಾದ ಹಾಗೆ ಹೊಸ ಚಿತ್ರಗಳೂ ಸೇರಿದವು. ಕರಾವಳಿಯ ಫಾಂಟೆ ಡೋಲುಗಳಲ್ಲಂತೂ ಸಿಂಹ ಬೆನ್ನ ಮೇಲೆ ಡೋಲು ಹೊತ್ತು ನಿಂತಿರುತ್ತದೆ, ಮೈಗೆಲ್ಲ ಢಾಳಾದ ಪೇಂಟ್.

ಗೊಂಬೆಗಳು ಕುಣಿಯುತ್ತವಾ? ಸೂತ್ರದ ಗೊಂಬೆ ತರಹ?

ಇಲ್ಲ. ಕೀಲು ಇಲ್ಲ, ದಾರ ಇಲ್ಲ. ಇಟ್ಟ ಕಡೆ ಕೂತಿರುತ್ತವೆ. ಅಕಾನ್ ದರ್ಬಾರಿನಲ್ಲಿ ದೊಡ್ಡವರು ಅಲುಗಾಡದೆ ಕೂರುವುದೇ ಗತ್ತು. ಸುತ್ತ ಎಲ್ಲರೂ ಕುಣಿಯುತ್ತಿರುವಾಗ ನಡುವೆ ಒಬ್ಬರು ಅಲುಗದೆ ಕೂತಿದ್ದರೆ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ತಲೆ ಯಾಕೆ ಅಷ್ಟು ದೊಡ್ಡದು? ಕತ್ತಿನಲ್ಲಿ ಸುತ್ತು ಸುತ್ತು ಗೆರೆ ಯಾಕೆ?

ಅಗಲ ಹಣೆ ಚೆಲುವಿನ ಲಕ್ಷಣ. ಕತ್ತಿನ ಗೆರೆಗಳು ಮೈತುಂಬಿದ ಆರೋಗ್ಯದ, ಉಂಡುಟ್ಟು ಸುಖವಾಗಿರುವ ಗುರುತು. ಕಾಲಿನಲ್ಲಿ ಚಪ್ಪಲಿ ಇದ್ದರೆ ಗಮನಿಸಿ, ಅದು ಸಾಮಾನ್ಯರ ಗೊಂಬೆಯಲ್ಲ. ಅರಸನ ಬರಿಗಾಲು ನೆಲಕ್ಕೆ ತಾಕಬಾರದು ಅನ್ನುವುದು ಅಲ್ಲಿನ ಕಟ್ಟಳೆ. ಕೂತ ಪೀಠವೂ ಹಾಗೆಯೇ. ಅಸಾಂಟೆ ನಾಡಿಗೇ ಪ್ರಾಣವಿದ್ದ ಹಾಗೆ ಚಿನ್ನದ ಪೀಠ ಇದೆ. ಬ್ರಿಟಿಷ್ ಗವರ್ನರ್ ಅದನ್ನು ಕೇಳಿದ್ದಕ್ಕೆ 1900ರಲ್ಲಿ ಯಾ ಅಸಾಂಟೆವಾ ಅನ್ನುವ ರಾಜಮಾತೆ ಯುದ್ಧಕ್ಕೇ ನಿಂತಳು. ಹೀಗಾಗಿ ಗೊಂಬೆಯನ್ನು ಪೀಠದ ಮೇಲೆ ಕೂರಿಸುವುದು ಸಣ್ಣ ವಿಷಯ ಅಲ್ಲ.

ತಟ್ಟೆಯಂಥ ಚಪ್ಪಟೆ ತಲೆಯ ಅಕುಆಬಾ ಗೊಂಬೆಯೂ ಮೇಳದ್ದೇ?

ಅಲ್ಲ. ಹೆಚ್ಚು ಪ್ರಸಿದ್ಧವಾದದ್ದು ಅದೇ ಆದ್ದರಿಂದ ಜನ ಎಲ್ಲ ಅಕಾನ್ ಗೊಂಬೆಗಳನ್ನೂ ಅದೇ ಅಂದುಕೊಳ್ಳುತ್ತಾರೆ. ಅಕುವಾ ಅನ್ನುವ ಹೆಂಗಸಿಗೆ ಮಕ್ಕಳಿರಲಿಲ್ಲವಂತೆ. ಪೂಜಾರಿ ಹೇಳಿದ ಹಾಗೆ ಮರದ ಮಗು ಮಾಡಿಸಿ ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಊರವರು ‘ನೋಡಿ, ಅಕುವಾಳ ಮಗು’ ಅಂತ ಆಡಿಕೊಂಡರು. ಆಮೇಲೆ ಅವಳಿಗೆ ಹೆಣ್ಣು ಮಗು ಹುಟ್ಟಿತು. ಆ ಅಣಕದ ಮಾತೇ ಗೊಂಬೆಯ ಹೆಸರಾಗಿ ಉಳಿಯಿತು. ಇದು ಒಬ್ಬ ತಾಯಿಯ ಬೆನ್ನಿಗೂ ದೇವರ ಗುಡಿಗೂ ಸೇರಿದ ಗೊಂಬೆ, ಮೇಳದ್ದಲ್ಲ. ಆದರೆ ಮಗುವಿನ ಹಂಬಲ ಇಲ್ಲೂ ಇದೆ, ಮೇಳದ ಹಾಲೂಡುವ ಗೊಂಬೆಯಲ್ಲೂ ಇದೆ.

ಡೋಲು ಮಾತಾಡುತ್ತದೆ ಅನ್ನುತ್ತಾರೆ. ನಿಜವಾಗಿಯೂ ಮಾತಾ, ಸುಮ್ನೆ ಹೇಳುವುದಾ?

ನಿಜವಾದ ಮಾತು. ಟ್ವಿ ಭಾಷೆಯಲ್ಲಿ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುತ್ತದೆ. ಅಟುಂಪನ್ ಅನ್ನುವ ಜೋಡಿ ಡೋಲಿನಲ್ಲಿ ಒಂದರ ದನಿ ತಗ್ಗು, ಇನ್ನೊಂದರದು ಏರು. ತಗ್ಗಿನದು ಗಂಡು, ಏರಿನದು ಹೆಣ್ಣು. ವಾಕ್ಯದ ಏರಿಳಿತ, ಲಯ ಎರಡನ್ನೂ ಈ ಜೋಡಿಯ ಮೇಲೆ ನುಡಿಸಿದರೆ ತಿಳಿದವರಿಗೆ ವಾಕ್ಯವೇ ಕೇಳಿಸುತ್ತದೆ. ಒಂದೇ ಏರಿಳಿತದ ಪದಗಳು ಹಲವು ಇರುತ್ತವಲ್ಲ, ಗೊಂದಲ ಆಗುವುದಿಲ್ಲವೇ ಅಂತ ಕೇಳಬಹುದು. ಅದಕ್ಕೇ ಡೋಲಿನ ಭಾಷೆ ಬಿಡಿ ಪದ ನುಡಿಯುವುದಿಲ್ಲ. ಬಿರುದು, ಗಾದೆ, ಎಲ್ಲರಿಗೂ ಪರಿಚಯದ ಉದ್ದುದ್ದ ಸಾಲು ನುಡಿಯುತ್ತದೆ.

ಅಂಥ ಒಂದು ಹಳೆಯ ನುಡಿಯ ಸಾರ ಹೀಗಿದೆ: ದಾರಿ ಹೊಳೆಯನ್ನು ದಾಟಿದೆ, ಹೊಳೆ ದಾರಿಯನ್ನು ದಾಟಿದೆ, ಇಬ್ಬರಲ್ಲಿ ಹಿರಿಯರು ಯಾರು? ದಾರಿಯನ್ನು ನಾವು ಮಾಡಿದೆವು, ಹೊಳೆಯಾದರೋ ಸೃಷ್ಟಿ ಮಾಡಿದವನ ಕಾಲದ್ದು. ನಸುಕಿನಲ್ಲಿ ಅಟುಂಪನ್ ಇದನ್ನು ನುಡಿಯುವುದನ್ನು ಊಹಿಸಿಕೊಳ್ಳಿ.

ಈ ಡೋಲಿನ ದನಿ ಗಾನಾದ ರೇಡಿಯೊದಲ್ಲೂ ಇದೆ. ‘ಗಾನಾ ಮುಂತಿಯೆ’, ಗಾನಾ ಜನರೇ ಕೇಳಿ, ಅನ್ನುವ ಅಟುಂಪನ್ ನುಡಿಯೇ ಸರ್ಕಾರಿ ಪ್ರಸಾರದ ಗುರುತು.

ಗೊಂಬೆಗೂ ಇದಕ್ಕೂ ಏನು ಅನ್ನುತ್ತೀರಾ? ಮೈಮೇಲೆ ಗಾದೆ ಕೆತ್ತಿದ ಡೋಲು, ಗಾದೆಯನ್ನೇ ನುಡಿಯುವ ಜನರ ನಡುವೆ ಹುಟ್ಟಿದ್ದು. ಕಣ್ಣಿಗೆ ಕಂಡದ್ದು ಕಿವಿಗೂ ಬೀಳಬಹುದಾದ ಜಾಗ ಅದು.

ಯಾವ ಮರ? ಯಾರು ಕೆತ್ತುತ್ತಾರೆ?

ಡೋಲಿಗೆ ಟ್ವೆನೆಬೊವಾ ಮರ. ಪೀಠಕ್ಕೆ ಸೆಸೆ ಅನ್ನುವ ಬಿಳಿಯ ಮರ. ಟ್ವೆನೆಬೊವಾವನ್ನು ಹಾಗೇ ಕಡಿಯುವುದಿಲ್ಲ. ಅದರಲ್ಲಿ ಜೀವವಿದೆ ಅಂತ ನಂಬಿಕೆ. ಮೊದಲು ಮೊಟ್ಟೆಯನ್ನೋ ಮದ್ಯವನ್ನೋ ಅರ್ಪಿಸಿ, ಆಮೇಲೆ ಕೊಡಲಿ ಹಾಕುತ್ತಾರೆ. ಡೋಲು ಆದ ಮೇಲೂ ಆ ಮರವನ್ನು ಮರೆಯುವುದಿಲ್ಲ. ಅಟುಂಪನ್ ಬಾರಿಸುವವನು ನುಡಿ ಶುರು ಮಾಡುವಾಗ ‘ಟ್ವೆನೆಬೊವಾ ಕೊದುವಾ’ ಅಂತ ಮರದ ಜೀವವನ್ನು ಹೆಸರು ಹಿಡಿದು ಕರೆಯುತ್ತಾನೆ. ಆನೆಯನ್ನೂ ಕರೆಯುತ್ತಾನೆ, ಯಾಕೆಂದರೆ ಅಟುಂಪನ್ನಿಗೆ ಹಿಂದೆ ಹಾಕುತ್ತಿದ್ದದ್ದು ಆನೆಯ ಕಿವಿಯ ಚರ್ಮ. ಚರ್ಮ ಬಿಗಿಯುವ ಗೂಟದ ಮರವನ್ನೂ ಕರೆಯುತ್ತಾನೆ. ತಾನು ಯಾವುದರಿಂದ ಆಗಿದೆಯೋ ಅದನ್ನೆಲ್ಲ ನೆನೆದ ಮೇಲೆಯೇ ಡೋಲು ಮುಂದಿನ ಮಾತಿಗೆ ಹೋಗುವುದು.

ಕೆತ್ತನೆ ಗಂಡಸರ ಕೆಲಸ. ಕೊಡಲಿಯಲ್ಲಿ ದಿಮ್ಮಿ ಒಡೆದು, ಬಾಚಿಯಲ್ಲಿ ಆಕಾರ ತಂದು, ಉಳಿ ಚಾಕುಗಳಲ್ಲಿ ನಯ ಮಾಡುತ್ತಾರೆ. ಕುಮಾಸಿಯ ಹತ್ತಿರ ಅಹ್ವಿಯಾ ಅನ್ನುವ ಊರು ಇದಕ್ಕೇ ಹೆಸರಾಗಿದೆ. ಪೀಠ, ಡೋಲು, ಅಕುಆಬಾ ಎಲ್ಲ ಅಲ್ಲಿ ರಸ್ತೆ ಬದಿಯಲ್ಲೇ ಆಗುತ್ತವೆ.

ಹೆಸರು ಗೊತ್ತಿರುವ ಕೆತ್ತನೆಗಾರರು ಇದ್ದಾರಾ?

ಇದ್ದಾರೆ. ಆಫ್ರಿಕಾದ ಕೆತ್ತನೆ ಅಂದರೆ ‘ಅನಾಮಿಕ’ ಅಂತ ಬರೆದು ಕೈತೊಳೆದುಕೊಳ್ಳುವುದು ಹಳೆಯ ರೂಢಿ. ಬರೆದುಕೊಳ್ಳುವವರು ಹೆಸರು ಕೇಳಲಿಲ್ಲ, ಅಷ್ಟೇ.

ಒಸೇಯ್ ಬೊನ್ಸು ಹುಟ್ಟಿದ್ದು 1900ರಲ್ಲಿ, ತೀರಿಕೊಂಡದ್ದು 1977ರಲ್ಲಿ. ಕೆಲಸ ಕಲಿತದ್ದು ಅಪ್ಪನ ಬಳಿ, ಅಪ್ಪನೂ ಕೆತ್ತನೆಗಾರ. ಅಸಾಂಟೆ ಅರಸರಿಗೆ ವಾಗ್ಮಿಗಳ ಕೋಲು, ಛತ್ರಿಯ ನೆತ್ತಿ ಕೆತ್ತಿಕೊಟ್ಟ ಕೈಯೇ ಜನರ ಮೇಳಗಳಿಗೆ ನ್ಟಾನ್ ಡೋಲು, ತಾಯಿ-ಮಗು ಗೊಂಬೆಗಳನ್ನೂ ಕೆತ್ತಿತು. ಅಚಿಮೋಟಾದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದೂ ಉಂಟು. ಅವರ ಕೆಲಸ ನೋಡಿದರೆ ಅರಮನೆ, ಬೀದಿ ಅಂತ ನಡುವೆ ಗೋಡೆ ಎಳೆಯಲು ಮನಸ್ಸಾಗುವುದಿಲ್ಲ.

ಹೆಂಗಸರು ಬಾರಿಸುವುದಿಲ್ಲವೇ?

ಡೋಲು ಬಾರಿಸುವುದು ಹಿಂದಿನಿಂದ ಹೆಚ್ಚಾಗಿ ಗಂಡಸರ ಪಾಲು. ಮುಟ್ಟಿನ ಕಟ್ಟಳೆಗಳೂ ಇದ್ದವು. ಆದರೆ ಹೆಂಗಸರಿಲ್ಲದ ಅಕಾನ್ ಸಂಗೀತವೇ ಇಲ್ಲ. ನ್ನ್‌ವೊಂಕೊರೊ ಅನ್ನುವುದು ಹೆಂಗಸರದೇ ಹಾಡು. ಆಡೊವಾ ಕುಣಿತದಲ್ಲಿ ಹಾಡುವವರು, ಕಬ್ಬಿಣದ ಗಂಟೆ ಹೊಡೆಯುವವರು, ನಡು ಸಣ್ಣಗಿರುವ ಡೊನ್ನೊ ಡೋಲು ಬಾರಿಸುವವರು ಎಷ್ಟೋ ಕಡೆ ಹೆಂಗಸರು. ಸಾವಿನ ಮನೆಯಲ್ಲಿ ಸತ್ತವರ ಕುಲ, ಊರು, ಗುಣ ಹೇಳಿ ಅಳುವ ಹಾಡು ಕಟ್ಟುವವರೂ ಅವರೇ. ಗಂಡಸರು ಬಾರಿಸುವ ಮೇಳದ ನಡುವೆ ಹೆಣ್ಣಿನ ಗೊಂಬೆ ಕೂತಿರುವುದಕ್ಕೂ ಇದಕ್ಕೂ ನಂಟಿದೆ ಅಂತ ನನ್ನ ಎಣಿಕೆ.

ಐವರಿ ಕೋಸ್ಟ್‌ನ ಬಾವುಲೆ ಜನರಲ್ಲೂ ಹೀಗೆಯೇ?

ಅಲ್ಲಿ ಕಥೆ ಬೇರೆ, ನನಗೆ ಇನ್ನೂ ಕುತೂಹಲದ್ದು. 18ನೇ ಶತಮಾನದಲ್ಲಿ ಅಬ್ಲಾ ಪೊಕು ಅನ್ನುವ ರಾಣಿ ತನ್ನ ಜನರನ್ನು ಅಸಾಂಟೆ ನಾಡಿನಿಂದ ಕರೆದೊಯ್ಯುವಾಗ ಹೊಳೆ ಅಡ್ಡ ಬಂತಂತೆ, ದಾಟಲು ತನ್ನ ಮಗುವನ್ನೇ ಕೊಟ್ಟಳಂತೆ. ಬಾವುಲೆ ಅನ್ನುವ ಹೆಸರೇ ‘ಮಗು ಹೋಯಿತು’ ಅನ್ನುವ ಮಾತಿನಿಂದ ಬಂದದ್ದು ಅಂತ ಹೇಳುತ್ತಾರೆ.

ಬಾವುಲೆಯವರಲ್ಲಿ ಕೊಮಿಯೆನ್ ಅನ್ನುವವರಿದ್ದಾರೆ. ಮೈಮೇಲೆ ಬಂದು ಕಣಿ ಹೇಳುವವರು. ಗಂಡಸರೂ ಇರಬಹುದು, ಹೆಂಗಸರೂ ಇರಬಹುದು. ಕಾಡಿನ ಜೀವವೊಂದು, ಅಸಿಯೆ ಉಸು ಅನ್ನುತ್ತಾರೆ, ಅವರನ್ನು ಹಿಡಿದುಕೊಳ್ಳುತ್ತದೆ. ಆ ಕಾಡಿನ ಜೀವ ನೋಡಲು ಚೆನ್ನಾಗಿರುವುದಿಲ್ಲ ಅಂತ ನಂಬಿಕೆ. ಅದನ್ನು ಒಲಿಸಿಕೊಳ್ಳಲು ಚೆಲುವಾದ ಮನುಷ್ಯನ ಗೊಂಬೆ ಕೆತ್ತಿಸಿ, ಬಾ, ಇಲ್ಲಿ ಕೂರು ಅಂತ ಜಾಗ ಕೊಡುತ್ತಾರೆ. ಗೊಂಬೆ ಅಂದರೆ ಆ ಜೀವಕ್ಕೆ ಹಾಕಿದ ಪೀಠ.

ಜನರೆದುರು ಕಣಿ ಹೇಳುವ ದಿನ ಡೋಲು ಶುರುವಾಗುತ್ತದೆ. ಗೊಂಬೆಯನ್ನು ಹೊರಗೆ ತಂದಿಡುತ್ತಾರೆ. ಕೊಮಿಯೆನ್ ಕಬ್ಬಿಣದ ಗಂಟೆ ಹೊಡೆಯುತ್ತಾ ಕುಣಿಯುತ್ತಾರೆ, ಸದ್ದು ಏರುತ್ತಾ ಹೋದಂತೆ ಮೈಮೇಲೆ ಬರುತ್ತದೆ. ಗಂಟೆ ಹೊಡೆಯುವ ಆ ಪುಟ್ಟ ಕೋಲನ್ನು ಲಾವ್ರೆ ಅನ್ನುತ್ತಾರೆ. ಅದೂ ಮರದ ಕೆತ್ತನೆಯೇ, ಹಿಡಿಯ ಮೇಲೆ ಮುಖವೋ ಮುಖವಾಡವೋ ಪ್ರಾಣಿಯೋ ಇರುತ್ತದೆ. ಅಂಗೈಯಷ್ಟು ಜಾಗದಲ್ಲಿ ಅಷ್ಟು ನಾಜೂಕು ಕೆಲಸ ಮಾಡಿಸುವುದು ಯಾಕೆ? ಕಾಡಿನ ಜೀವವನ್ನು ಕರೆಯುವ ಸದ್ದು ಹುಟ್ಟುವುದೇ ಅದರಿಂದ. ಕರೆಯುವ ಕೈಯಲ್ಲಿ ಇರುವುದೂ ಚೆನ್ನಾಗಿರಬೇಕು.

ಬಾವುಲೆಯ ಎಲ್ಲ ಗೊಂಬೆಗಳೂ ಹಾಗೆ ಹೊರಗೆ ಬರುತ್ತವಾ?

ಇಲ್ಲ. ಬಾವುಲೆಯ ಪ್ರತಿಯೊಬ್ಬರಿಗೂ ಈ ಲೋಕಕ್ಕೆ ಬರುವ ಮೊದಲು ಇದ್ದ ಕಡೆ ಒಬ್ಬ ಗಂಡನೋ ಹೆಂಡತಿಯೋ ಇರುತ್ತಾರೆ. ಅವರು ಮುನಿಸಿಕೊಂಡರೆ ಇಲ್ಲಿ ತೊಂದರೆ. ಅವರಿಗಾಗಿ ಕೆತ್ತಿಸಿದ ಗೊಂಬೆ ಮನೆಯೊಳಗೆ, ಮಲಗುವ ಕೋಣೆಯಲ್ಲಿ ಇರುತ್ತದೆ. ಎಣ್ಣೆ ಸವರಿ, ಒರೆಸಿ, ಚೊಕ್ಕವಾಗಿ ಇಟ್ಟುಕೊಳ್ಳುತ್ತಾರೆ. ಅದು ಇಬ್ಬರ ನಡುವಿನ ಮಾತು, ಡೋಲಿಗೆ ಅಲ್ಲಿ ಕೆಲಸವಿಲ್ಲ. ಕಾಡಿನ ಜೀವದ ಗೊಂಬೆಗೆ ಬಲಿಯ ರಕ್ತ ಬೀಳುವುದರಿಂದ ಮೈ ಒರಟು ಪದರ ಕಟ್ಟಿರುತ್ತದೆ. ಆಕಾರ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಎಲ್ಲಿಟ್ಟಿದ್ದರು, ಯಾವ ಸದ್ದು ಕೇಳಿತ್ತು ಅನ್ನುವುದೇ ಗುರುತು. ಮ್ಯೂಸಿಯಮ್ಮಿನ ಚೀಟಿ ಬಹಳ ಸಲ ಬಿಟ್ಟುಬಿಡುವುದೂ ಅದನ್ನೇ.

ಮುಖವಾಡಗಳು?

ಅಸಾಂಟೆಯವರಲ್ಲಿ ಮುಖವಾಡದ ಸಂಪ್ರದಾಯ ಇಲ್ಲ. ಬಾವುಲೆಯವರಲ್ಲಿ ಗೋಲಿ ಮತ್ತು ಮ್ಬ್ಲೊ ಕುಣಿತಗಳಿವೆ. ಗೋಲಿಯನ್ನು ಅವರು ನೆರೆಯ ವಾನ್ ಜನರಿಂದ 20ನೇ ಶತಮಾನದ ಆರಂಭದ ಹೊತ್ತಿಗೆ ತೆಗೆದುಕೊಂಡರು. ಮ್ಬ್ಲೊದಲ್ಲಿ ಊರಿನ ಒಬ್ಬ ನಿಜವಾದ ವ್ಯಕ್ತಿಯ, ಸಾಮಾನ್ಯವಾಗಿ ಒಬ್ಬಳು ಹೆಂಗಸಿನ, ಮುಖ ಕೆತ್ತುತ್ತಾರೆ. ಮುಖವಾಡ ಕುಣಿಯುವಾಗ ಆಕೆಯೂ ಜೊತೆಗೆ ಬಂದು ಕುಣಿಯುತ್ತಾಳೆ.

ಮಿಷನರಿಗಳು, ಬ್ರಿಟಿಷರು ಇದನ್ನೆಲ್ಲ ಹೇಗೆ ಕಂಡರು?

ಡೋಲಿನ ಮೇಲೆ ಅನುಮಾನ ಜಾಸ್ತಿ ಇತ್ತು. ಎಫ್ರಾಯಿಮ್ ಆಮು ಅವರ ಪಾಡು ನೋಡಿ. ಇಂದು ಗಾನಾದಲ್ಲಿ ದೊಡ್ಡ ಸಂಗೀತಗಾರ ಅಂತ ಗೌರವಿಸುವ ಅವರು ಅಕ್ರೊಪಾಂಗ್ ಊರಿನ ಮಿಷನ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಚರ್ಚಿನಲ್ಲಿ ನಾಡಿನ ಬಟ್ಟೆ ಉಟ್ಟರು, ನಾಡಿನ ವಾದ್ಯ ತಂದರು. 1933ರಲ್ಲಿ ಕೆಲಸ ಹೋಯಿತು. ಆಮೇಲೆ ಅಚಿಮೋಟಾ ಶಾಲೆ ಅವರನ್ನು ಕರೆಸಿಕೊಂಡಿತು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಕಾನ್ ಡೋಲಿನ ಕಥೆ ಏನು?

ಅದರಲ್ಲಿ ಗೊಂಬೆ ಇಲ್ಲ, ಚಿಕ್ಕ ಡೋಲು ಅಷ್ಟೇ. ಆದರೂ ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 18ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ವರ್ಜೀನಿಯಾದಿಂದ ಹಾನ್ಸ್ ಸ್ಲೋನ್ ಅವರ ಸಂಗ್ರಹಕ್ಕೆ ಸೇರಿತು, ಬ್ರಿಟಿಷ್ ಮ್ಯೂಸಿಯಮ್ಮಿಗೆ ಬುನಾದಿಯಾದದ್ದು ಆ ಸಂಗ್ರಹವೇ. ಬಹಳ ಕಾಲ ಅಮೆರಿಕದ ಮೂಲನಿವಾಸಿಗಳ ಡೋಲು ಅಂತಲೇ ಬರೆದಿಟ್ಟಿದ್ದರು. ಆಮೇಲೆ ಮರ ಪರೀಕ್ಷಿಸಿದರೆ ಅದು ಪಶ್ಚಿಮ ಆಫ್ರಿಕಾದ್ದು. ಚರ್ಮ ಮಾತ್ರ ಉತ್ತರ ಅಮೆರಿಕದ ಜಿಂಕೆಯದು. ಗುಲಾಮರ ಹಡಗಿನಲ್ಲಿ ಬಂದಿರಬೇಕು. ಕೈದಿಗಳ ಮೈ ಕೆಡದಿರಲಿ ಅಂತ ಹಡಗಿನ ಮೇಲೆ ಅವರನ್ನು ಬಲವಂತವಾಗಿ ಕುಣಿಸುತ್ತಿದ್ದರು, ಅದಕ್ಕೆ ಡೋಲು ಬೇಕಾಗುತ್ತಿತ್ತು. ದಕ್ಷಿಣ ಕೆರೊಲಿನಾದಲ್ಲಿ 1739ರ ದಂಗೆಯ ಮರುವರ್ಷ ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೇ ಕಾನೂನು ನಿಷೇಧಿಸಿತು. ಡೋಲು ಮಾತಾಡುತ್ತದೆ ಅನ್ನುವುದು ಯಜಮಾನರಿಗೂ ಗೊತ್ತಾಗಿತ್ತು.

ನ್ಟಾನ್ ಮೇಳಗಳು ಈಗಲೂ ಇವೆಯಾ?

ಹಿಂದಿನಂತೆ ಇಲ್ಲ. ಜನರ ಮೇಳದ ಗುಣವೇ ಅದು, ಒಂದು ತಲೆಮಾರಿಗೆ ಹೊಸದು ಬೇಕು. ಗಿಟಾರ್ ಬಂತು, ಹೈಲೈಫ್ ಅನ್ನುವ ಹೊಸ ಕುಣಿತದ ಸಂಗೀತ ಬಂತು. ಕುಮಾಸಿ ಟ್ರಿಯೊ ಅನ್ನುವ ಮೂವರು 1928ರಲ್ಲೇ ಲಂಡನ್‌ಗೆ ಹೋಗಿ ಗಿಟಾರಿನ ಹಾಡು ರೆಕಾರ್ಡ್ ಮಾಡಿ ಬಂದಿದ್ದರು. ಅರಮನೆಯ ಫೊಂಟೊಮ್‌ಫ್ರೊಮ್, ಕೆಟೆ ಅನ್ನುವ ಡೋಲು ಮೇಳಗಳು, ಜನರ ಆಡೊವಾ ಗಟ್ಟಿಯಾಗಿ ಉಳಿದಿವೆ. ಜೆ. ಎಚ್. ಕ್ವಾಬೆನಾ ನ್ಕೆಟಿಯಾ (1921–2019) ಅವರಂಥ ವಿದ್ವಾಂಸರು ಊರೂರು ತಿರುಗಿ ಈ ಸಂಗೀತವನ್ನು ಬರೆದಿಟ್ಟದ್ದು ದೊಡ್ಡ ಉಪಕಾರ. ಮೇಳ ನಿಂತ ಮೇಲೆ ಗೊಂಬೆಗಳು ಮಾರಾಟವಾದವು, ಕೊಂಡವರ ಷೋಕೇಸಿಗೆ ಹೋದವು.

ಎಲ್ಲಿ ನೋಡಬಹುದು?

ಕುಮಾಸಿಯ ಮಾನ್ಹಿಯಾ ಅರಮನೆಗೆ ಹೋಗಿ, ಅಕ್ವಾಸಿದೆಯ ದಿನ. 42 ದಿನಕ್ಕೊಮ್ಮೆ ಭಾನುವಾರ ಬರುವ ಹಬ್ಬ ಅದು. ಅರಸ ಛತ್ರಿಯ ಕೆಳಗೆ ಅಲುಗದೆ ಕೂತಿರುತ್ತಾನೆ, ದೊಡ್ಡ ಡೋಲುಗಳ ಗುಡುಗು ಎದೆಗೆ ಬಡಿಯುತ್ತದೆ. ಆ ದೃಶ್ಯ ನೋಡಿದರೆ ಮೇಳದವರು ಗೊಂಬೆಯನ್ನು ಯಾಕೆ ಹಾಗೆ ಕೂರಿಸಿದರು ಅನ್ನುವುದಕ್ಕೆ ನನ್ನ ವಿವರಣೆ ಬೇಕಾಗುವುದಿಲ್ಲ. ಅಲ್ಲಿನ ಮ್ಯೂಸಿಯಮ್ಮಿಗೆ 2024ರಲ್ಲಿ ಅಮೆರಿಕದ ಫೌಲರ್ ಮ್ಯೂಸಿಯಂ ಏಳು ವಸ್ತುಗಳನ್ನು ಶಾಶ್ವತವಾಗಿ ಹಿಂದಿರುಗಿಸಿತು. ಬ್ರಿಟನ್ನಿನ ಎರಡು ಮ್ಯೂಸಿಯಮ್ಮುಗಳು 32 ವಸ್ತುಗಳನ್ನು ಕಳಿಸಿದವು, ಆದರೆ ಸಾಲವಾಗಿ. ಅವರದೇ ವಸ್ತು ಅವರಿಗೇ ಸಾಲ ಅನ್ನುವುದು ನನಗೆ ನುಂಗಲಾಗದ ತುತ್ತು.

ಒಂದು ಗೊಂಬೆ ಕೊಳ್ಳಬಹುದಾ?

ಹೊಸದನ್ನು ಕೊಳ್ಳಿ, ಅಹ್ವಿಯಾದಲ್ಲಿ ಕೆತ್ತಿದವನ ಕೈಯಿಂದಲೇ. ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ‘ಇನ್ನೂರು ವರ್ಷ ಹಳೆಯದು’ ಅಂತ ಹೇಳಿದರೆ ನಂಬಬೇಡಿ. ಮಸಿ, ಪಾಲಿಶ್, ಮಣ್ಣು ಸಾಕು, ವಾರದಲ್ಲಿ ಮುದುಕನಾಗಿಸಬಹುದು. ಅಕಸ್ಮಾತ್ ನಿಜಕ್ಕೂ ಹಳೆಯದಾಗಿದ್ದರೆ ಅದು ಯಾವುದೋ ಗುಡಿಯದೋ ಮೇಳದ್ದೋ ಆಗಿರುತ್ತದೆ, ನಮಗೆ ಬೇಡ.

ಈ ಸಂಗೀತ ಕೇಳಲು ಎಲ್ಲಿಂದ ಶುರು ಮಾಡಲಿ? ಎಲ್ಲ ಒಟ್ಟಿಗೆ ಬಡಿದ ಹಾಗೆ ಕೇಳಿಸುತ್ತದೆ.

ಮೊದಲ ಸಲ ಎಲ್ಲರಿಗೂ ಹಾಗೇ. ಒಂದು ಆಡೊವಾ ರೆಕಾರ್ಡಿಂಗ್ ಹಚ್ಚಿ, ಡೋಲುಗಳನ್ನು ಬಿಟ್ಟುಬಿಡಿ. ದಾವುರೊ ಅನ್ನುವ ಕಬ್ಬಿಣದ ಗಂಟೆಯನ್ನು ಮಾತ್ರ ಹುಡುಕಿ. ಟಿಣ್ ಟಿಣ್ ಅಂತ ಒಂದೇ ಸುತ್ತು ತಪ್ಪದೆ ಬರುತ್ತಿರುತ್ತದೆ. ಅದನ್ನು ಬೆರಳಲ್ಲಿ ತಟ್ಟುತ್ತಾ ಹೋಗಿ. ಐದು ನಿಮಿಷದಲ್ಲಿ ಚಿಕ್ಕ ಡೋಲುಗಳು ಒಂದೊಂದಾಗಿ ಬೇರೆಯಾಗಿ ಕೇಳಿಸತೊಡಗುತ್ತವೆ. ಆಮೇಲೆ, ಅವೆಲ್ಲದರ ಕೆಳಗೆ, ಇಷ್ಟ ಬಂದಾಗ ಮಾತ್ರ ಬಾಯಿ ಬಿಡುವ ದೊಡ್ಡ ಡೋಲು ಸಿಗುತ್ತದೆ. ಸಿಕ್ಕಿದ ಮೇಲೆ ತಾಯಿ-ಮಗು ಗೊಂಬೆಯ ಒಂದು ಫೋಟೊ ತೆಗೆದು ಎದುರಿಗಿಟ್ಟುಕೊಂಡು ಮತ್ತೊಮ್ಮೆ ಮೊದಲಿನಿಂದ ಕೇಳಿ.